ನಿಮಗಿದು ಗೊತ್ತೇ? ಹಳೆ ಫೆರಾರಿ ಕೊಳ್ಳುವವರಿಗೆ ಹಳೆ ಟ್ರಾಕ್ಟರ್ ಹೇಳುವ ಬುದ್ಧಿ

ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಕರೂರು ಭತ್ತದ ಸೀಮೆ. ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ವ್ಯಾಪಾರ ಇಲ್ಲಿಗೆ ಹೊಸದಲ್ಲ. ಹೊಸ ಬಣ್ಣಕ್ಕೆ ಯಾರೂ ಮರುಳಾಗುವುದಿಲ್ಲ. ಅವರ್ ಮೀಟರ್ ನೋಡುತ್ತಾರೆ. ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜುತ್ತಾರೆ. ಕ್ಲಚ್ ಒತ್ತಿ ಬಿಡುತ್ತಾರೆ. ಆರ್‌ಸಿ ಯಾರ ಹೆಸರಲ್ಲಿದೆ, ಫೈನಾನ್ಸ್ ತೀರಿದೆಯೇ ಎಂದು ಕೇಳುತ್ತಾರೆ. ಅದೇ ಮನುಷ್ಯನ ಮೊಬೈಲಿಗೆ ಹತ್ತು ವರ್ಷದ ಹಳೆಯ ಲ್ಯಾಂಬೊರ್ಗಿನಿಯೊಂದು ಅರ್ಧ ಬೆಲೆಗೆ ಬಂದರೆ ಇಷ್ಟೂ ಪ್ರಶ್ನೆ ಮರೆತುಹೋಗುತ್ತವೆ. ಮರೆಯುವ ಅಗತ್ಯವಿಲ್ಲ, ಅಲ್ಲಿಯೂ ಕೇಳಬೇಕಾದದ್ದು ಇವನ್ನೇ. ಹೇಗೆಂದು ನೋಡಿ.

ಗದ್ದೆಯಿಂದ ರೇಸಿಗೆ

● ಲ್ಯಾಂಬೊರ್ಗಿನಿ ಮೊದಲು ತಯಾರಿಸಿದ್ದು ಕಾರನ್ನಲ್ಲ, ಟ್ರಾಕ್ಟರನ್ನು. ಇಟಲಿಯ ರೈತ ಕುಟುಂಬದಲ್ಲಿ ಹುಟ್ಟಿದ ಫೆರುಚ್ಚೊ ಲ್ಯಾಂಬೊರ್ಗಿನಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ಸೇನಾ ವಾಹನಗಳ ಬಿಡಿಭಾಗ ಜೋಡಿಸಿ ಟ್ರಾಕ್ಟರ್ ಕಟ್ಟತೊಡಗಿದರು. 1948ರಲ್ಲಿ ಟ್ರಾಕ್ಟರ್ ಕಂಪನಿ ಶುರುವಾಯಿತು. ಕಾರಿನ ಕಂಪನಿ ಹುಟ್ಟಿದ್ದು 1963ರಲ್ಲಿ.

● ಆ ಕಾರು ಹುಟ್ಟಲು ಕಾರಣ ಒಂದು ಕ್ಲಚ್ ಎನ್ನುವುದು ಫೆರುಚ್ಚೊ ಹೇಳಿಕೊಂಡ ಕಥೆ. ಅವರ ಫೆರಾರಿಯ ಕ್ಲಚ್ ಪದೇ ಪದೇ ಕೆಡುತ್ತಿತ್ತಂತೆ. ಬಿಚ್ಚಿ ನೋಡಿದರೆ ತಮ್ಮ ಟ್ರಾಕ್ಟರಿಗೆ ಹಾಕುವಂಥದ್ದೇ ಕ್ಲಚ್. ದೂರು ಹೇಳಲು ಹೋದಾಗ ಎಂಜೊ ಫೆರಾರಿ ಕಿವಿಗೊಡಲಿಲ್ಲ, ಆ ಸಿಟ್ಟಿಗೆ ತಾನೇ ಕಾರು ಮಾಡಿದೆ ಎಂದು ಅವರು ಹೇಳುತ್ತಿದ್ದರು. ಕಾರಿನ ದೊಡ್ಡ ಹೆಸರಿಗಿಂತ ಒಳಗಿನ ಬಿಡಿಭಾಗ ನೋಡು ಎಂಬ ಪಾಠ ಅಂದಿನದೇ.

● ಲ್ಯಾಂಬೊರ್ಗಿನಿ ಟ್ರಾಕ್ಟರ್ ವಿಭಾಗ 1973ರಲ್ಲಿ ಇಟಲಿಯ ಮತ್ತೊಂದು ಟ್ರಾಕ್ಟರ್ ಕಂಪನಿ ‘ಸಾಮೆ’ ಕೈಸೇರಿತು. ಅದರ ಇಂದಿನ ರೂಪವಾದ ಎಸ್‌ಡಿಎಫ್ ಸಮೂಹದ ಕಾರ್ಖಾನೆಯೊಂದು ನಮಗೆ ದೂರವಲ್ಲದ ತಮಿಳುನಾಡಿನ ರಾಣಿಪೇಟೆಯಲ್ಲಿದೆ.

● ಜೇಮ್ಸ್ ಬಾಂಡ್ ಓಡಿಸುವ ಆಸ್ಟನ್ ಮಾರ್ಟಿನ್ ಡಿಬಿ5ರಲ್ಲಿ ಡಿಬಿ ಎಂದರೆ ಡೇವಿಡ್ ಬ್ರೌನ್. 1947ರಲ್ಲಿ ಆಸ್ಟನ್ ಮಾರ್ಟಿನ್ ಕೊಂಡ ಈ ಬ್ರಿಟಿಷ್ ಉದ್ಯಮಿಯದೂ ಗೇರು ಮತ್ತು ಟ್ರಾಕ್ಟರ್ ತಯಾರಿಕೆಯ ಕಸುಬು.

● ಪೋರ್ಷೆ ಹೆಸರಿನ ಕೆಂಪು ಡೀಸೆಲ್ ಟ್ರಾಕ್ಟರುಗಳೂ ಇದ್ದವು. ಪೋರ್ಷೆ ವಿನ್ಯಾಸದ ಆ ಟ್ರಾಕ್ಟರುಗಳು ಜರ್ಮನಿಯಲ್ಲಿ 1963ರವರೆಗೆ ತಯಾರಾದವು.

ಎಂಜಿನ್ನಿನ ಒಳಗುಟ್ಟು

● ಫೆರಾರಿ ಗಟ್ಟಿಯೋ, ಪೋರ್ಷೆ ಗಟ್ಟಿಯೋ ಎಂಬ ಪ್ರಶ್ನೆಯೇ ಸರಿಯಲ್ಲ. ಯಾವ ಮಾಡೆಲ್, ಯಾವ ವರ್ಷದ ಎಂಜಿನ್ ಎಂದು ಕೇಳಬೇಕು. ಒಂದೇ ಕಂಪನಿಯ ಎರಡು ಎಂಜಿನ್ನುಗಳ ಜಾತಕ ಬೇರೆ ಬೇರೆ ಇರುತ್ತದೆ.

● 1990ರ ದಶಕದ ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಬೇಕಾದರೆ ಎಂಜಿನ್ನನ್ನೇ ಕೆಳಗಿಳಿಸಬೇಕು. ಬೆಲ್ಟಿನ ಬೆಲೆ ಅಲ್ಪ, ಇಳಿಸಿ ಏರಿಸುವ ಕೂಲಿ ಭಾರಿ. ಅದರ ನಂತರದ 360 ಮೊಡೆನಾದಲ್ಲಿ ಸೀಟಿನ ಹಿಂದಿನ ಮುಚ್ಚಳ ತೆಗೆದರೆ ಬೆಲ್ಟಿಗೆ ಕೈ ಎಟುಕುತ್ತದೆ. 2004ರಲ್ಲಿ ಬಂದ ಎಫ್430ರಲ್ಲಿ ಬೆಲ್ಟೇ ಇಲ್ಲ, ಚೈನ್ ಇದೆ. ಅಕ್ಕಪಕ್ಕ ನಿಲ್ಲಿಸಿದರೆ ಅಣ್ಣ ತಮ್ಮನಂತೆ ಕಾಣುವ ಮೂರು ಕಾರು. ಸರ್ವಿಸ್ ಬಿಲ್ ಮಾತ್ರ ಮೂರು ದಾರಿ.

● ಟೈಮಿಂಗ್ ಬೆಲ್ಟ್ ರಬ್ಬರಿನದು. ಅದು ಕಿಲೋಮೀಟರಿನಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಹಾಳಾಗುತ್ತದೆ. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ‘ಕೇವಲ ಎಂಟು ಸಾವಿರ ಕಿ.ಮೀ. ಓಡಿದೆ’ ಎಂಬ ಮಾತು ಇಲ್ಲಿ ಪೂರ್ತಿ ಸಮಾಧಾನ ಕೊಡುವುದಿಲ್ಲ.

● ಭಾರತದ ಅತಿ ಪ್ರಸಿದ್ಧ ಸೆಕೆಂಡ್ ಹ್ಯಾಂಡ್ ಫೆರಾರಿ ಯಾವುದು? ಸಚಿನ್ ತೆಂಡೂಲ್ಕರ್ ಅವರದು. ಬ್ರಾಡ್ಮನ್ ಅವರ 29 ಶತಕಗಳ ದಾಖಲೆ ಸರಿಗಟ್ಟಿದ್ದಕ್ಕೆ 2002ರಲ್ಲಿ ಮೈಕೆಲ್ ಶುಮಾಕರ್ ಕೈಯಿಂದ ಉಡುಗೊರೆಯಾಗಿ ಬಂದ 360 ಮೊಡೆನಾ ಅದು. ಆಮದು ಸುಂಕದ ವಿನಾಯಿತಿ ದೊಡ್ಡ ವಿವಾದವಾಗಿ, ಕೊನೆಗೆ ಸುಂಕವನ್ನು ಫಿಯೆಟ್ ಕಟ್ಟಿತು. 2011ರಲ್ಲಿ ಕಾರು ಸೂರತ್‌ನ ಉದ್ಯಮಿಯೊಬ್ಬರ ಪಾಲಾಯಿತು. ಇದು ಬೆಲ್ಟ್ ಇರುವ ಮಾಡೆಲ್.

● ಪೋರ್ಷೆ 911ರ 996 ಸರಣಿ ಮತ್ತು ಅದೇ ಕಾಲದ ಬಾಕ್ಸ್‌ಸ್ಟರ್ ಕಾರುಗಳ ಎಂಜಿನ್ನಿನಲ್ಲಿ ‘ಐಎಂಎಸ್’ ಎಂಬ ಶಾಫ್ಟಿನ ಬೇರಿಂಗ್ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದು ಪುಡಿಯಾದರೆ ಎಂಜಿನ್ ಪೂರ್ತಿ ಹಾಳು. ಎಲ್ಲ ಕಾರಿನಲ್ಲೂ ಹೀಗಾಗುವುದಿಲ್ಲ. ಆದರೆ ಅಮೆರಿಕದ ಮಾಲೀಕರು ಕೋರ್ಟಿಗೆ ಹೋಗುವಷ್ಟು ಆಯಿತು. ಗಮ್ಮತ್ತೆಂದರೆ ಅದೇ 996 ಸರಣಿಯ ಟರ್ಬೊ ಮತ್ತು ಜಿಟಿ3 ಕಾರುಗಳಲ್ಲಿ ಬೇರೆ ಎಂಜಿನ್ ಇದ್ದುದರಿಂದ ಈ ಕಾಯಿಲೆಯೇ ಇಲ್ಲ. 2009ರ ಮಾಡೆಲಿನಿಂದ 911ರ ಸಾಮಾನ್ಯ ಎಂಜಿನ್ ಬದಲಾದಾಗ ಆ ಶಾಫ್ಟನ್ನೇ ಕಿತ್ತುಹಾಕಲಾಯಿತು.

● ಹೊಸ ಕಾರೂ ಕೈಕೊಡುತ್ತದೆ. 2014ರಲ್ಲಿ ಎಂಜಿನ್ನಿಗೆ ಬೆಂಕಿ ಬಿದ್ದ ಪ್ರಕರಣಗಳ ನಂತರ ಪೋರ್ಷೆ ತನ್ನ ಹೊಸ 911 ಜಿಟಿ3 ಮಾಲೀಕರಿಗೆ ಕಾರು ಓಡಿಸಬೇಡಿ ಎಂದಿತು. ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗುತ್ತಿತ್ತು. ಎಲ್ಲ 785 ಕಾರುಗಳಿಗೂ ಹೊಸ ಎಂಜಿನ್ ಕೂರಿಸಿಕೊಟ್ಟಿತು.

● 2010ರಲ್ಲಿ ಫೆರಾರಿ 458 ಇಟಾಲಿಯಾ ಕಾರುಗಳಿಗೆ ಬೆಂಕಿ ಬಿದ್ದದ್ದು ಎಂಜಿನ್ನಿನಿಂದಲ್ಲ, ಅಂಟಿನಿಂದ. ಹಿಂದಿನ ಗಾಲಿಯ ಮೇಲ್ಕಮಾನಿನ ಶಾಖ ತಡೆ ಹಾಳೆಗೆ ಬಳಸಿದ ಅಂಟು ಕಾದು ಹೊತ್ತಿಕೊಳ್ಳುತ್ತಿತ್ತು. ಕಂಪನಿ 1,248 ಕಾರು ವಾಪಸು ಕರೆಸಿ ಅಂಟಿನ ಬದಲು ಲೋಹದ ಫಾಸ್ಟನರ್ ಹಾಕಿತು. ಹಳೆ ಕಾರು ಕೊಳ್ಳುವಾಗ ಅದರ ಮಾಡೆಲಿಗೆ ರೀಕಾಲ್ ಬಂದಿತ್ತೇ, ಈ ಕಾರಿನಲ್ಲಿ ಆ ಕೆಲಸ ಮುಗಿದಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಶೋರೂಮಿನಲ್ಲಿ ಕೇಳಬಹುದು.

● ಲೋಟಸ್ ಎವೋರಾದ ಒಳಗಿರುವುದು ಟೊಯೊಟಾ ವಿ6. ಟೊಯೊಟಾ ಕ್ಯಾಮ್ರಿಗೆ ಹಾಕುವ ಎಂಜಿನ್ ಕುಟುಂಬದ್ದೇ. ಹೊರಗೆ ವಿದೇಶಿ ಬೆಡಗು, ಒಳಗೆ ಮನೆಮಂದಿ ಎಂಜಿನ್.

● ಆಸ್ಟನ್ ಮಾರ್ಟಿನ್ 2017ರಿಂದ ತನ್ನ ವಿ8 ಕಾರುಗಳಿಗೆ ಮರ್ಸಿಡಿಸ್-ಎಎಂಜಿ ಎಂಜಿನ್ ಬಳಸುತ್ತಿದೆ. ಲ್ಯಾಂಬೊರ್ಗಿನಿ ಗಲ್ಲಾರ್ಡೊದ ಬಳಗದ ವಿ10 ಎಂಜಿನ್ನೇ ಆಡಿ ಆರ್8ರಲ್ಲೂ ಇದೆ. ಎರಡೂ ಒಂದೇ ಫೋಕ್ಸ್‌ವ್ಯಾಗನ್ ಸಮೂಹದವು.

● ಸೂಪರ್‌ಕಾರ್ ಎಂದರೆ ರೇಜಿಗೆ ಎಂಬ ಮಾತನ್ನು ಸುಳ್ಳು ಮಾಡಿದ್ದು 1990ರ ಹೋಂಡಾ ಎನ್‌ಎಸ್‌ಎಕ್ಸ್. ಅಲ್ಯುಮಿನಿಯಂ ದೇಹ, ಟೈಟಾನಿಯಂ ಕನೆಕ್ಟಿಂಗ್ ರಾಡ್, ಆದರೆ ದಿನಾ ಆಫೀಸಿಗೆ ಒಯ್ಯಬಹುದಾದ ಸ್ವಭಾವ. ಮೆಕ್‌ಲಾರೆನ್ ಎಫ್1 ವಿನ್ಯಾಸಗೊಳಿಸಿದ ಗೋರ್ಡನ್ ಮರ್ರೆ ಸ್ವತಃ ಒಂದನ್ನು ಇಟ್ಟುಕೊಂಡು ಅದರಿಂದ ಕಲಿತರು.

● ಟ್ರಾಕ್ಟರಿನಂತೆ ಬೆಳಗ್ಗೆ ತಣ್ಣಗಿರುವಾಗ ಆಯಿಲ್ ಕಡ್ಡಿ ಎಳೆದರೆ ಅನೇಕ ಫೆರಾರಿಗಳಲ್ಲಿ ತಪ್ಪು ಲೆಕ್ಕ ಬರುತ್ತದೆ. ಇವುಗಳ ಆಯಿಲ್ ಎಂಜಿನ್ ಅಡಿಯ ತೊಟ್ಟಿಯಲ್ಲಿ ನಿಲ್ಲದೆ ಬೇರೆ ಟ್ಯಾಂಕಿನಲ್ಲಿರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ ಓಡುತ್ತಿರುವಾಗಲೇ ಅಳೆಯಬೇಕು.

● ಸ್ಟಾರ್ಟ್ ಮಾಡುವುದನ್ನು ಮಾತ್ರ ತಣ್ಣಗಿದ್ದಾಗಲೇ ನೋಡಬೇಕು. ನೀವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ ಮೊದಲ ಅರ್ಧ ನಿಮಿಷದ ಶಬ್ದವೂ ಹೊಗೆಯೂ ಮುಚ್ಚಿಹೋಗುತ್ತವೆ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಕೂಲೆಂಟ್ ಒಳಗೆ ಸೇರುತ್ತಿರುವುದರ ಗುರುತು. ಕರಿ ಹೊಗೆಯೆಂದರೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ.

ಕ್ಲಚ್, ಗೇರು, ಬ್ರೇಕು

● ಗಲ್ಲಾರ್ಡೊದ ‘ಇ-ಗೇರ್’, ಹಳೆ ಫೆರಾರಿಗಳ ‘ಎಫ್1’ ಗೇರ್‌ಬಾಕ್ಸ್‌ಗಳಲ್ಲಿ ಕ್ಲಚ್ ಪೆಡಲ್ ಇಲ್ಲ, ಆದರೆ ಕ್ಲಚ್ ಪ್ಲೇಟ್ ಇದೆ. ಅದನ್ನು ಒತ್ತುವುದು ಕಾಲಲ್ಲ, ಕಂಪ್ಯೂಟರ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚೇ ತೆವಳಿದ ಕಾರು, ಇಳಿಜಾರಿನ ಪಾರ್ಕಿಂಗಿನಿಂದ ರಿವರ್ಸಿನಲ್ಲಿ ಹತ್ತಿದ ಕಾರು, ಹೆದ್ದಾರಿಯಲ್ಲಿ ಓಡಿದ ಕಾರಿಗಿಂತ ಬಲುಬೇಗ ಕ್ಲಚ್ ತಿನ್ನುತ್ತದೆ.

● ಕ್ಲಚ್ ಎಷ್ಟು ಉಳಿದಿದೆ ಎಂದು ಊಹಿಸಬೇಕಿಲ್ಲ. ಡಯಾಗ್ನೋಸ್ಟಿಕ್ ಯಂತ್ರ ಜೋಡಿಸಿದರೆ ಇಂಥ ಗೇರ್‌ಬಾಕ್ಸ್‌ಗಳ ಕಂಪ್ಯೂಟರ್ ಕ್ಲಚ್ ಸವೆತದ ಅಂಕಿಯನ್ನೇ ತೋರಿಸುತ್ತದೆ. ಆ ಪ್ರಿಂಟೌಟ್ ಕೇಳಿ.

● ಇವುಗಳ ನಂತರ ಬಂದ ಎರಡು ಕ್ಲಚ್ಚಿನ ಗೇರ್‌ಬಾಕ್ಸ್ ಹೆಚ್ಚು ಬಾಳುತ್ತದೆ. ಹಾಗಂತ ಚಿಂತೆಯೇ ಇಲ್ಲವೆಂದಲ್ಲ. ಫೆರಾರಿ ಕ್ಯಾಲಿಫೋರ್ನಿಯಾ ಮತ್ತು 458ರ ಆರಂಭದ ಕಾರುಗಳಲ್ಲಿ ಗೇರ್‌ಬಾಕ್ಸ್ ಒಳಗಿನ ಪುಟ್ಟ ಸೆನ್ಸರ್ ಕೆಟ್ಟರೂ ಇಡೀ ಗೇರ್‌ಬಾಕ್ಸ್ ಬದಲಿಸುವ ಕಾಲವಿತ್ತು. ಆಮೇಲೆ ಬಿಚ್ಚಿ ರಿಪೇರಿ ಮಾಡುವುದನ್ನು ಹೊರಗಿನ ಗ್ಯಾರೇಜುಗಳು ಕಲಿತವು.

● ಅವರ್ ಮೀಟರ್ ಟ್ರಾಕ್ಟರಿಗೆ ಮಾತ್ರವೇ? ಅಲ್ಲ. ಪೋರ್ಷೆಯ ಎಂಜಿನ್ ಕಂಪ್ಯೂಟರ್ ಒಟ್ಟು ಎಷ್ಟು ಗಂಟೆ ಎಂಜಿನ್ ಓಡಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಲೆಕ್ಕ ಸರಳ: ಮೀಟರಿನಲ್ಲಿ 15,000 ಕಿ.ಮೀ., ಕಂಪ್ಯೂಟರಿನಲ್ಲಿ 1,000 ಗಂಟೆ ಇದ್ದರೆ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಒಂದೋ ಕಾರು ಟ್ರಾಫಿಕ್ಕಿನಲ್ಲೇ ಬೆಂದಿದೆ, ಇಲ್ಲವೇ ಮೀಟರ್ ಹಿಂದಕ್ಕೆ ತಿರುಗಿದೆ. ಅದೇ 15,000 ಕಿ.ಮೀ.ಗೆ 300 ಗಂಟೆ ಇದ್ದರೆ ಸರಾಸರಿ 50 ಕಿ.ಮೀ. ಬರುತ್ತದೆ. ಹೆದ್ದಾರಿಯಲ್ಲಿ ಓಡಿದ ಕಾರು ಎಂದು ನಂಬಬಹುದು.

● ಅದೇ ಕಂಪ್ಯೂಟರ್ ಮತ್ತೊಂದು ಚಾಡಿಯನ್ನೂ ಹೇಳುತ್ತದೆ. ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ ತಿರುಗಿದೆ ಎಂಬುದು ಅನೇಕ ಮಾಡೆಲುಗಳಲ್ಲಿ 1ರಿಂದ 6ರವರೆಗಿನ ಹಂತಗಳಲ್ಲಿ ದಾಖಲಾಗಿರುತ್ತದೆ. ಮೇಲಿನ ಹಂತಗಳಲ್ಲಿ ಅಂಕಿ ಕಂಡರೆ ಯಾರೋ ಐದನೇ ಗೇರಿನಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದ್ದಾರೆ ಎಂದು ತಿಳಿಯಬೇಕು.

● ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ಸವೆದಿದೆಯೇ ಎಂದು ತಿಳಿಯಲು ದಪ್ಪ ಅಳೆದರೆ ಸಾಲದು, ತೂಗಬೇಕು. ಇದಕ್ಕಿಂತ ಕಡಿಮೆ ತೂಗಿದರೆ ಬದಲಿಸಿ ಎಂಬ ಅಂಕಿಯನ್ನು ಡಿಸ್ಕಿನ ನಡುಭಾಗದ ಮೇಲೇ ಅಚ್ಚೊತ್ತಿರುತ್ತಾರೆ. ನಾಲ್ಕೂ ಬದಲಿಸುವ ದುಡ್ಡಿಗೆ ಹೊಸ ಟ್ರಾಕ್ಟರ್ ಬರುತ್ತದೆ.

● ಎಂಜಿನ್ ಲೈಟ್ ಉರಿಯುತ್ತಿಲ್ಲವೆಂದರೆ ದೋಷವಿಲ್ಲ ಎಂದಲ್ಲ. ನೀವು ಬರುವ ಹೊತ್ತಿಗೆ ಅಳಿಸಿರಬಹುದು. ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿದಾಗ ಕಾರಿನ ಸ್ವಯಂ ತಪಾಸಣೆಗಳು ‘ಮುಗಿದಿಲ್ಲ’ ಎಂದು ತೋರಿಸಿದರೆ ಇತ್ತೀಚೆಗಷ್ಟೇ ದೋಷ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ ಎಂದರ್ಥ.

ಬಳ್ಳಾರಿ ಬಿಸಿಲು, ಕೆಂಧೂಳು, ಹಂಪು

● ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ತಮಾಷೆ ಹಳೆಯದು. ಹಳೆ ಫೆರಾರಿಗೆ ಇದು ತಮಾಷೆಯಲ್ಲ. ಒಳಗಿನ ಬಟನ್, ಹಿಡಿಕೆಗಳಿಗೆ ಹಚ್ಚಿದ ಮೆದು ಲೇಪ ಬಿಸಿಲು ಮತ್ತು ವಯಸ್ಸಿಗೆ ಕರಗಿ ಬೆಲ್ಲದ ಪಾಕದಂತೆ ಬೆರಳಿಗೆ ಅಂಟುತ್ತದೆ. ಲೋಕದ ಎಲ್ಲ ಕಡೆಯ ಮಾಲೀಕರೂ ಹೇಳುವ ದೂರು ಇದು. ಅದನ್ನು ಕೆರೆದು ಮತ್ತೆ ಬಣ್ಣ ಹಚ್ಚುವುದೇ ಕೆಲವರ ಕಸುಬಾಗಿದೆ.

● ಎಂಜಿನ್ ಹಿಂದಿದ್ದರೂ 996 ಸರಣಿಯಿಂದೀಚಿನ ಪೋರ್ಷೆ 911, ಬಾಕ್ಸ್‌ಸ್ಟರ್‌ಗಳ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿ, ನೆಲದ ಹತ್ತಿರ ಇವೆ. ಒಣ ಎಲೆ, ಕಸ ಅಲ್ಲಿಯೇ ಸೇರುತ್ತವೆ. ಸುಗ್ಗಿಯಲ್ಲಿ ಸಿರುಗುಪ್ಪ ರಸ್ತೆಗೆ ಬಂದರೆ ಭತ್ತದ ಹೊಟ್ಟು, ಸಂಡೂರು ಕಡೆ ಹೋದರೆ ಅದಿರಿನ ಕೆಂಧೂಳು. ಬಂಪರ್ ಬಿಚ್ಚಿ ನೋಡದೆ ಒಳಗಿನ ಸ್ಥಿತಿ ತಿಳಿಯದು.

● ರಸ್ತೆಯ ಹಂಪಿಗೂ ಅಳತೆ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ನಮ್ಮೂರ ಹಂಪುಗಳು ಈ ಪುಸ್ತಕ ಓದಿ ಹುಟ್ಟಿದವಲ್ಲ. ಬಹಳಷ್ಟು ಸೂಪರ್‌ಕಾರ್‌ಗಳು ನೆಲದಿಂದ ಇರುವುದೇ 10ರಿಂದ 13 ಸೆಂ.ಮೀ. ಎತ್ತರದಲ್ಲಿ.

● ಅದಕ್ಕೇ ಮೂತಿ ಎತ್ತುವ ‘ನೋಸ್ ಲಿಫ್ಟ್’ ಇರುವುದು. ಬಟನ್ ಒತ್ತಿದರೆ ಮುಂಭಾಗ ನಾಲ್ಕೈದು ಸೆಂ.ಮೀ. ಏಳುತ್ತದೆ. ಟೆಸ್ಟ್ ಡ್ರೈವಿನಲ್ಲಿ ನಾಲ್ಕಾರು ಸಲ ಏರಿಸಿ ಇಳಿಸಿ ನೋಡಿ. ಏರಿದ್ದು ತಾನಾಗಿ ಕುಸಿದರೆ ಹೈಡ್ರಾಲಿಕ್ ಸೋರುತ್ತಿದೆ. ಲಿಫ್ಟ್ ಮೇಲೆ ಹಾಕಿದಾಗ ಹೊಟ್ಟೆಯ ಗೀರುಗಳನ್ನೂ ನೋಡಿ.

● ಎಥೆನಾಲ್ ಶೇ 20 ಬೆರೆತ ‘ಇ20’ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥೆನಾಲ್ ನೀರಿನಂಶ ಹೀರುತ್ತದೆ. ಅದಕ್ಕೆಂದು ತಯಾರಾಗದ ಹಳೆ ರಬ್ಬರ್ ಪೈಪು, ಸೀಲುಗಳನ್ನು ಬಾಧಿಸುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಹಳೆ ಸ್ಪೋರ್ಟ್ಸ್ ಕಾರಿನ ಟ್ಯಾಂಕಿಗೆ ಇದು ಹೊಸ ತಲೆನೋವು. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಎಥೆನಾಲ್‌ವರೆಗೆ ಸರಿ ಎಂದು ಬರೆದಿದ್ದರೆ ಓದಿಕೊಳ್ಳಿ.

● ಇಂಥ ಎಂಜಿನ್ನುಗಳು ಕೇಳುವುದು ಹೆಚ್ಚು ಆಕ್ಟೇನಿನ ಪೆಟ್ರೋಲ್. ಇಂಡಿಯನ್ ಆಯಿಲ್ 100 ಆಕ್ಟೇನಿನ ‘ಎಕ್ಸ್‌ಪಿ100’ ತಂದದ್ದು 2020ರ ಡಿಸೆಂಬರಿನಲ್ಲಿ, ಅದೂ ಆಯ್ದ ನಗರಗಳಿಗೆ.

● ಟೈರಿನ ವಯಸ್ಸು ಅದರ ಮೈಮೇಲೇ ಇದೆ. ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2316 ಎಂದರೆ 2016ರ 23ನೇ ವಾರ. ಟ್ರೆಡ್ ಆಳವಾಗಿದ್ದರೂ ಇಷ್ಟು ಹಳೆಯ ರಬ್ಬರ್ ಗಂಟೆಗೆ 200 ಕಿ.ಮೀ. ವೇಗಕ್ಕೆ ತಕ್ಕದ್ದಲ್ಲ.

● ನಿಂತ ಕಾರು ಕೆಡುತ್ತದೆ. ಸೀಲ್ ಒಣಗುತ್ತದೆ, ಟೈರ್ ಒಂದೇ ಕಡೆ ಚಪ್ಪಟೆಯಾಗುತ್ತದೆ, ಕಂಪ್ಯೂಟರ್ ಮತ್ತು ಅಲಾರಂ ನಿಧಾನಕ್ಕೆ ಬ್ಯಾಟರಿ ಹೀರುತ್ತವೆ. ಪ್ರತಿವರ್ಷ ಎರಡು ಮೂರು ಸಾವಿರ ಕಿ.ಮೀ. ಓಡಿ ಸಕಾಲಕ್ಕೆ ಸರ್ವಿಸ್ ಆದ ಕಾರು, ಐದು ವರ್ಷ ಮುಚ್ಚಿಟ್ಟ ಕಾರಿಗಿಂತ ಮೇಲು.

● ಬಳ್ಳಾರಿ ರಸ್ತೆಯಲ್ಲಿ ಕಾರು ಕೆಟ್ಟು ನಿಂತರೆ? ಹಗ್ಗ ಕಟ್ಟಿ ಎಳೆಯುವಂತಿಲ್ಲ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಕಾರನ್ನು ಹಾಗೆ ಎಳೆದರೆ ಗೇರ್‌ಬಾಕ್ಸ್ ಹೋಗುತ್ತದೆ. ಫ್ಲಾಟ್‌ಬೆಡ್ ಲಾರಿಯೇ ಬೇಕು. ಬೆಂಗಳೂರು ಇಲ್ಲಿಂದ 300 ಕಿ.ಮೀ. ಮೀರಿದ ದೂರ. ಕಾರನ್ನು ಎಷ್ಟು ನಂಬಬಹುದೆಂಬ ಲೆಕ್ಕದಲ್ಲಿ ವರ್ಕ್‌ಶಾಪಿನ ದೂರವನ್ನೂ ಸೇರಿಸಬೇಕು.

ನೀರು ಕುಡಿದ ಕಾರು

● 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರಿನ ಎಪ್ಸಿಲಾನ್ ಬಡಾವಣೆ ಮುಳುಗಿತು. ಬೆಂಟ್ಲಿಯಂಥ ಕೋಟಿ ಬೆಲೆಯ ಕಾರುಗಳು ನೀರಲ್ಲಿ ನಿಂತ ಚಿತ್ರ ದೇಶವೆಲ್ಲ ಹರಿದಾಡಿತು. ಇಂಥ ನೆರೆಗಳ ನಂತರ ಮುಳುಗಿದ ಕಾರುಗಳು ತೊಳೆದು ಒರೆಸಿಕೊಂಡು ದೂರದ ಊರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ.

● ಪತ್ತೆ ಹಚ್ಚುವ ಸುಲಭ ಉಪಾಯ: ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಸುರುಳಿಯೊಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನಡಿಯ ಹಳಿ, ಬೋಲ್ಟುಗಳ ತುಕ್ಕು ನೋಡಿ. ಕಾರ್ಪೆಟ್ ಎತ್ತಿ ಮೂಸಿ. ಹತ್ತು ವರ್ಷದ ಕಾರಿಗೆ ಹೊಚ್ಚ ಹೊಸ ಕಾರ್ಪೆಟ್ ಇದ್ದರೆ ಅದೂ ಅನುಮಾನಕ್ಕೆ ಕಾರಣವೇ.

● ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿಗೆ ನೀರು ನುಗ್ಗುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಹೀಗಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿ ಇದಕ್ಕೆ ದುಡ್ಡು ಕೊಡುವುದು ಕಷ್ಟ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಬೇಕು.

ಕಾಗದ ಗಟ್ಟಿಯಿದೆಯೇ?

● ಚಾಸಿಸ್ ನಂಬರಿನ ಮೊದಲ ಮೂರು ಅಕ್ಷರ ಕಾರಿನ ಕುಲ ಹೇಳುತ್ತವೆ. ಫೆರಾರಿಗೆ ಝಡ್‌ಎಫ್‌ಎಫ್, ಲ್ಯಾಂಬೊರ್ಗಿನಿಗೆ ಝಡ್‌ಎಚ್‌ಡಬ್ಲ್ಯು, ಮೆಕ್‌ಲಾರೆನ್‌ಗೆ ಎಸ್‌ಬಿಎಂ. ಒಟ್ಟು 17 ಅಕ್ಷರ ಮತ್ತು ಅಂಕಿ. ಐ, ಓ, ಕ್ಯೂ ಅಕ್ಷರಗಳು ಇರಲೇಬಾರದು. 1 ಮತ್ತು 0 ಜೊತೆ ಗೊಂದಲವಾಗುತ್ತದೆಂದು ಅವನ್ನು ಬಿಟ್ಟಿದ್ದಾರೆ.

● ವಿದೇಶದಿಂದ ಸೆಕೆಂಡ್ ಹ್ಯಾಂಡ್ ಕಾರನ್ನು ಮನಸ್ಸಿಗೆ ಬಂದಂತೆ ತರಿಸುವಂತಿಲ್ಲ. ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಿಂದಲೇ ಬರಬೇಕು ಎಂಬುದು ಆಮದು ನೀತಿ.

● ಕಳ್ಳದಾರಿ ಬೆಟ್ಟದಿಂದಲೂ ಬರುತ್ತದೆ. ಭೂತಾನಿನಿಂದ ಅಕ್ರಮವಾಗಿ ಬಂದು ಭಾರತದಲ್ಲಿ ನೋಂದಣಿಯಾದವು ಎನ್ನಲಾದ ದುಬಾರಿ ವಾಹನಗಳಿಗಾಗಿ 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್ ಇಲಾಖೆ ಕೇರಳದಲ್ಲಿ ದೊಡ್ಡ ಶೋಧವನ್ನೇ ನಡೆಸಿತು. ಆರ್‌ಸಿ ಇದ್ದ ಮಾತ್ರಕ್ಕೆ ಆಮದಿನ ದಾಖಲೆ ಇದೆ ಎಂದಲ್ಲ. ಅದನ್ನೂ ಕೇಳಿ ನೋಡಬೇಕು.

● ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18. ಮೇಲೆ ಸೆಸ್ ಬೇರೆ. ಐದು ಕೋಟಿಯ ಕಾರಿಗೆ ಸೆಸ್ ಬಿಟ್ಟೇ 90 ಲಕ್ಷ. ಇದನ್ನು ಉಳಿಸಲೆಂದೇ ಕಡಿಮೆ ತೆರಿಗೆಯ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವವರಿದ್ದಾರೆ.

● 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಂಥ 30 ಐಷಾರಾಮಿ ಕಾರು ಹಿಡಿಯಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿಯ ಮಾಲೀಕರಿಂದ ಸುಮಾರು 1.41 ಕೋಟಿ ರೂಪಾಯಿ ತೆರಿಗೆ ವಸೂಲಾಯಿತು. ಹೊರರಾಜ್ಯದ ನಂಬರಿನ ಕಾರು ಅಗ್ಗಕ್ಕೆ ಸಿಕ್ಕರೆ ಈ ಬಾಕಿ ಯಾರ ತಲೆಗೆ ಎಂದು ಮೊದಲು ಕೇಳಿ. ಹಳೆ ಕಾರಿಗೆ ವಯಸ್ಸಿನ ಪ್ರಕಾರ ತೆರಿಗೆ ಇಳಿಯುತ್ತದೆ, ಪೂರ್ತಿ ಮಾಫಿ ಆಗುವುದಿಲ್ಲ.

● ಹೊರರಾಜ್ಯದ ಕಾರಿಗೆ ಬಳ್ಳಾರಿಯ ಕೆಎ 34 ನಂಬರ್ ಬೇಕಾದರೆ ಮೊದಲು ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ. ಮಾಲೀಕತ್ವ ಬದಲಿಗೆ ಫಾರ್ಮ್ 29, 30. ಸಾಲ ತೀರಿದ ಗುರುತಿಗೆ ಫಾರ್ಮ್ 35. ಟ್ರಾಕ್ಟರಿಗೂ ಇವೇ ಕಾಗದ, ಲ್ಯಾಂಬೊರ್ಗಿನಿಗೂ ಇವೇ ಕಾಗದ.

● ಮಾರಿದವರಿಗೂ ಒಂದು ಮಾತು. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತ ಪರಿಹಾರದ ಹೊಣೆ ಹಳೆ ಮಾಲೀಕನ ಮೇಲೆಯೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. ಕಾರು ಎಷ್ಟು ಕೈ ಬದಲಾದರೂ ಅಷ್ಟೇ.

● ಸದ್ದು ಮಾಡುವ ಸೈಲೆನ್ಸರ್ ಹಾಕಿಸಿದ ಕಾರೇ? ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ವಾರಂಟಿಯೂ ಇದರಿಂದ ಕೈತಪ್ಪಬಹುದು. ಕಳಚಿದ ಮೂಲ ಸೈಲೆನ್ಸರ್ ಎಲ್ಲಿದೆ ಎಂದು ಕೇಳಿ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ

● ಇನ್ಶೂರೆನ್ಸಿನ ‘ನೋ ಕ್ಲೇಮ್ ಬೋನಸ್’ ಕಾರಿನದಲ್ಲ, ಮಾಲೀಕನದು. ಮಾರುವವನಿಗೆ ಶೇ 50 ರಿಯಾಯಿತಿ ಇದ್ದರೂ ನಿಮಗೆ ಬರುವುದು ಪೂರ್ತಿ ಪ್ರೀಮಿಯಂ. ಕೊಂಡ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಇಲ್ಲದಿದ್ದರೆ ನಿಮ್ಮ ಕಾರಿಗೆ ಆದ ಹಾನಿಗೆ ದುಡ್ಡು ಸಿಗದು.

● ವ್ಯಾಪಾರಿಯಿಂದ ಕೊಂಡರೆ 2025ರ ಜನವರಿಯಿಂದ ಎಲ್ಲ ಹಳೆ ಕಾರಿಗೂ ಒಂದೇ, ಶೇ 18 ಜಿಎಸ್‌ಟಿ ಇದೆ. ಅದು ಕಾರಿನ ಪೂರ್ತಿ ಬೆಲೆಯ ಮೇಲಲ್ಲ, ವ್ಯಾಪಾರಿಯ ಲಾಭದ ಮೇಲೆ ಮಾತ್ರ. ಜಿಎಸ್‌ಟಿ ನೋಂದಣಿ ಇಲ್ಲದ ವ್ಯಕ್ತಿ ತನ್ನ ಕಾರನ್ನು ನಿಮಗೆ ಮಾರಿದರೆ ಈ ತೆರಿಗೆ ಇಲ್ಲ.

● ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲಿನಲ್ಲಿ ಸಾಮಾನ್ಯ ಕಾರಿಗೆ ಈ ಶುಲ್ಕ 5,000 ರೂಪಾಯಿ ಆಯಿತು, ಆಮದು ಕಾರಿಗೆ 40,000. ಇಪ್ಪತ್ತು ವರ್ಷ ದಾಟಿದ ಆಮದು ಕಾರಿಗೆ 2025ರ ಆಗಸ್ಟಿನಲ್ಲಿ 80,000ಕ್ಕೆ ಏರಿತು. 2004ರ ಗಲ್ಲಾರ್ಡೊ ಈಗಾಗಲೇ ಆ ವಯಸ್ಸು ದಾಟಿದೆ.

● ನಿಂತ ವಾಹನದ ಸಂಕಟ ಬಳ್ಳಾರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಗಣಿಯ ದುಡ್ಡು ಹರಿದಾಗ ಇದೇ ಧೂಳಿನ ರಸ್ತೆಗಳಿಗೆ ವಿದೇಶಿ ಕಾರುಗಳು ಬಂದವು. 2011ರ ಜುಲೈ 27ರಂದು ಅಂದಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದಿರು ಹೊರುತ್ತಿದ್ದ ಟಿಪ್ಪರುಗಳು ಕಂತು ಕಟ್ಟಲಾಗದೆ ರಸ್ತೆಬದಿ ಸಾಲುಗಟ್ಟಿದವು. ವಾಹನದ ಬೆಲೆ ಅದರ ಎಂಜಿನ್ನಿನಲ್ಲಷ್ಟೇ ಇಲ್ಲ, ಅದನ್ನು ಸಾಕುವ ದುಡಿಮೆಯಲ್ಲೂ ಇದೆ ಎಂದು ಈ ಜಿಲ್ಲೆ ಅಂದೇ ಕಂಡುಕೊಂಡಿತು.

● ಕಾರಿನ ಬೆಲೆ ಅರ್ಧಕ್ಕಿಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನಾಲ್ಕು ಕೋಟಿಯ ಕಾರು ಒಂದೂವರೆ ಕೋಟಿಗೆ ಸಿಕ್ಕರೂ ಅದರ ಬಂಪರ್, ಹೆಡ್‌ಲೈಟ್, ಗೇರ್‌ಬಾಕ್ಸ್ ನಾಲ್ಕು ಕೋಟಿ ಕಾರಿನವೇ. ಕೊಳ್ಳುವ ಹಣದ ಜೊತೆ ಮೊದಲ ವರ್ಷದ ರಿಪೇರಿಗೆಂದು ಬೇರೆ ಗಂಟು ಇಡಲಾಗದಿದ್ದರೆ ಆ ಕಾರು ನಿಮಗೆ ಅಗ್ಗವಲ್ಲ.

ಅಡ್ವಾನ್ಸ್ ಕೊಡುವ ಮುಂಚೆ ಏಳು ಪ್ರಶ್ನೆ

1. ಸರ್ವಿಸ್ ಬಿಲ್‌ಗಳು ದಿನಾಂಕದ ಸಮೇತ ಇವೆಯೇ? ಪುಸ್ತಕದಲ್ಲಿ ಬರೀ ಸೀಲು ಇದ್ದರೆ ಸಾಲದು.
2. ಈ ವರ್ಷದ ಈ ಎಂಜಿನ್ನಿಗೆ ಇರುವ ಪ್ರಸಿದ್ಧ ಕಾಯಿಲೆ ಯಾವುದು, ಅದಕ್ಕೆ ಮದ್ದು ಆಗಿದೆಯೇ?
3. ಕ್ಲಚ್ ಸವೆತ, ಎಂಜಿನ್ ಗಂಟೆಗಳ ಪ್ರಿಂಟೌಟ್ ಎಲ್ಲಿ?
4. ಪ್ರತಿ ಸಿಲಿಂಡರಿನ ಕಂಪ್ರೆಷನ್ ಎಷ್ಟು, ಒಂದಕ್ಕೊಂದು ಹೊಂದುತ್ತದೆಯೇ?
5. ಆಮದು ದಾಖಲೆ, ತೆರಿಗೆ ರಸೀದಿ, ಫೈನಾನ್ಸ್ ತೀರಿದ ಪತ್ರ ಮೂಲದಲ್ಲಿ ಇವೆಯೇ?
6. ಇನ್ಶೂರೆನ್ಸ್ ಕ್ಲೇಮ್ ಎಷ್ಟು ಸಲ ಆಗಿದೆ, ಯಾವುದಕ್ಕೆ?
7. ಮಾರುವವನಿಗೆ ಸಂಬಂಧವಿಲ್ಲದ, ನೀವೇ ದುಡ್ಡು ಕೊಟ್ಟು ಕರೆತಂದ ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆ ಏರಿಸಿ ನೋಡಬಹುದೇ?

ಏಳನೆಯದಕ್ಕೆ ಮಾರುವವನು ಒಪ್ಪದಿದ್ದರೆ ಎಂಟನೆಯ ಪ್ರಶ್ನೆ ಕೇಳಬೇಡಿ, ಬಸ್ಸು ಹತ್ತಿ ಊರಿಗೆ ಬನ್ನಿ.